ಬಿಸಿಲನ್ನು ಬಚ್ಚಿಡುವ ಗೋಡೆಗಳು

ಬೇಸಗೆಯಲ್ಲಿ ಲಡಾಖಿಗೆ ಹೋಗಿ ಬಂದವರು ಅದರ ಅರ್ಧವನ್ನಷ್ಟೇ ಕಂಡವರು. ಮಿಕ್ಕ ಅರ್ಧ ಗೋಚರಿಸುವುದು ಪುಷ್ಯ, ಮಾಘಗಳಲ್ಲಿ. ಆಗ ಲೇಹ್ ಪಟ್ಟಣದ ರಾತ್ರಿಯ ಉಷ್ಣತೆ ಸೊನ್ನೆಗಿಂತ 20 ಡಿಗ್ರಿಯವರೆಗೂ ಕೆಳಗಿಳಿಯುವುದುಂಟು. ಹೊರಗಿಟ್ಟ ಕೊಡದ ನೀರು ಬೆಳಗಾಗುವುದರೊಳಗೆ ಕಲ್ಲಾಗಿರುತ್ತದೆ. ತೊರೆಗಳು ಹರಿಯುವುದನ್ನು ಮರೆತು ಮೌನವಾಗುತ್ತವೆ. ಆ ಕಾಲದಲ್ಲಿ ಅಲ್ಲಿಯ ಗೃಹಿಣಿಯ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇಂದಿನ ರಾತ್ರಿಗೆ ಮನೆಯನ್ನು ಬೆಚ್ಚಗಿಡುವುದು ಹೇಗೆ?

ಉರುವಲನ್ನು ಧಾರಾಳವಾಗಿ ಸುಡುವ ಭಾಗ್ಯ ಆ ನಾಡಿಗಿಲ್ಲ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್‌ಗೆ ವರ್ಷಕ್ಕೆ ಬೀಳುವ ಮಳೆ ಹತ್ತು ಸೆಂಟಿಮೀಟರಿನ ಆಸುಪಾಸು. ಕಾಡೆಂಬುದು ಅಲ್ಲಿಲ್ಲ, ತೊರೆಯಂಚಿನಲ್ಲಿ ಜನ ನೆಟ್ಟು ಬೆಳೆಸಿದ ವಿಲ್ಲೋ ಮತ್ತು ಪಾಪ್ಲರ್ ಮರಗಳೇ ಇದ್ದಬದ್ದ ಹಸುರು. ಅವೂ ಮನೆಯ ಜಂತೆ ತೊಲೆಗಳಿಗೆ ಬೇಕು. ಆದಕಾರಣ ಹಳ್ಳಿಯ ಹೆಂಗಸರೂ ಮಕ್ಕಳೂ ಬೇಸಗೆಯುದ್ದಕ್ಕೂ ಬೆಟ್ಟದ ಹುಲ್ಲುಗಾವಲುಗಳಲ್ಲಿ ಸಗಣಿಯನ್ನೂ ಒಣಪೊದೆಗಳನ್ನೂ ಆಯ್ದು ತರುತ್ತಾರೆ. ಮಲೆನಾಡಿನವರು ಮಳೆ ಹಿಡಿಯುವ ಮುನ್ನ ಸೌದೆ ಕೊಟ್ಟಿಗೆಯನ್ನು ತುಂಬಿಸಿಕೊಳ್ಳುವಂತೆ, ಲಡಾಖಿನವರು ಅದನ್ನೆಲ್ಲ ಮಾಳಿಗೆಯ ಅಂಚಿಗೆ ಒಟ್ಟಿಡುತ್ತಾರೆ. ಆ ಒಟ್ಟಿಲಿನ ಎತ್ತರದಿಂದಲೇ ಮನೆಯ ಅನುಕೂಲವನ್ನು ಅಳೆಯಬಹುದು. ಪೇಟೆಯಲ್ಲಿ ಸಿಗುವ ಸೀಮೆಎಣ್ಣೆ, ಅನಿಲ, ಸೌದೆಗಳು ಜೋಜಿ ಲಾದಂತಹ ಎತ್ತರದ ಘಾಟಿಗಳನ್ನು ಲಾರಿಗಳಲ್ಲಿ ಹತ್ತಿ ಬರಬೇಕು. ಹಿಮ ಬಿದ್ದರೆ ಆ ದಾರಿಯೂ ಮುಚ್ಚುತ್ತದೆ.

ಹಿರಿಯರು ಕಟ್ಟಿದ ಮನೆಗಳು ಈ ಬಡತನವನ್ನು ಅರಿತೇ ಎದ್ದವು. ದಪ್ಪ ಮಣ್ಣಿನ ಗೋಡೆ. ಉತ್ತರಕ್ಕೆ ಕಿಟಕಿ ಕಡಮೆ, ದಕ್ಷಿಣಕ್ಕೆ ಹೆಚ್ಚು. ಕೆಳಗಿನ ಅಂತಸ್ತಿನಲ್ಲಿ ದನ ಕುರಿಗಳು. ಅವುಗಳ ಮೈಬಿಸಿ ಮೇಲಿನ ನೆಲವನ್ನು ಕಾಯುತ್ತಿತ್ತು. ಮನೆಯಲ್ಲಿ ಎಷ್ಟೇ ಕೋಣೆಗಳಿದ್ದರೂ ಚಳಿ ಬಂದೊಡನೆ ಸಂಸಾರವೆಲ್ಲ ಅಡಿಗೆಮನೆಗೆ ಬಂದು ಸೇರುತ್ತಿತ್ತು. ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರ ಊಟ, ನಿದ್ದೆ, ಕಥೆ, ನಗೆ ‘ಥಪ್’ ಎಂಬ ಒಲೆಯ ಸುತ್ತಲೇ. ಆದರೆ ಆ ಬೆಚ್ಚನೆಗೆ ತೆರುವ ಬೆಲೆ ಸಣ್ಣದಲ್ಲ. ಬೆರಣಿಯ ಹೊಗೆ ಕಣ್ಣನ್ನೂ ಎದೆಯನ್ನೂ ಸುಡುತ್ತದೆ. ಹೊಲಕ್ಕೆ ಗೊಬ್ಬರವಾಗಬೇಕಾದ ಸಗಣಿ ಬೂದಿಯಾಗುತ್ತದೆ.

ಆದರೂ ವಿಧಿ ಒಂದು ಕೈಯಿಂದ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಿಂದ ಕೊಟ್ಟಿತ್ತು. ಮೋಡಗಳನ್ನು ಹಿಮಾಲಯವೇ ತಡೆದು ನಿಲ್ಲಿಸುವುದರಿಂದ ಲಡಾಖಿನಲ್ಲಿ ವರ್ಷದ ಸುಮಾರು 300 ದಿನ ನಿರ್ಮಲವಾದ ಬಿಸಿಲು. ನೆರಳಿನಲ್ಲಿ ಮೈ ಮರಗಟ್ಟುವಾಗಲೂ ನಾಲ್ಕು ಹೆಜ್ಜೆ ಸರಿದು ಬಿಸಿಲಿಗೆ ನಿಂತರೆ ಬೆನ್ನು ಹಿತವಾಗಿ ಕಾಯುತ್ತದೆ. ಹಗಲಿನ ಈ ಸಂಪತ್ತನ್ನು ಇರುಳಿಗೆ ಉಳಿಸಿಕೊಳ್ಳುವುದೇ ಬಗೆಹರಿಯದ ಮಾತಾಗಿತ್ತು.

ಉತ್ತರ ದೂರದ ಫ್ರಾನ್ಸಿನಿಂದ ಬಂದಿತು. ಪಿರೆನೀಸ್ ಪರ್ವತಗಳ ಓಡಿಯೋ ಎಂಬ ಊರಿನಲ್ಲಿ ವಿಜ್ಞಾನಿ ಫೆಲಿಕ್ಸ್ ಟ್ರೋಂಬ್, ವಾಸ್ತುಶಿಲ್ಪಿ ಜಾಕ್ ಮಿಶೆಲ್ ಇಬ್ಬರೂ ಕೂಡಿ 1967ರಲ್ಲಿ ಬಿಸಿಲಿನಿಂದ ಕಾಯುವ ಮನೆಯೊಂದನ್ನು ರೂಪಿಸಿದರು. ಅಮೆರಿಕದ ಎಡ್ವರ್ಡ್ ಮೋರ್ಸ್ 1881ರಲ್ಲಿಯೇ ಇಂತಹ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನು. ಉಪಾಯ ಸರಳ. ದಕ್ಷಿಣದ ದಪ್ಪ ಗೋಡೆಗೆ ಕಪ್ಪು ಬಣ್ಣ ಬಳಿದು, ಅದರ ಮುಂದೆ ಕೆಲವು ಅಂಗುಲ ಬಿಟ್ಟು ಗಾಜನ್ನು ನಿಲ್ಲಿಸುವುದು. ಗಾಜು ಬಿಸಿಲನ್ನು ಒಳಬಿಡುತ್ತದೆ, ಶಾಖವನ್ನು ಸುಲಭವಾಗಿ ಹೊರಬಿಡದು. ಗೋಡೆ ಹಗಲೆಲ್ಲ ಕಾಯ್ದು, ಆ ಬಿಸಿಯನ್ನು ಗಂಟೆಗಟ್ಟಲೆ ತಡಮಾಡಿ ಒಳಕ್ಕೆ ಸಾಗಿಸುತ್ತದೆ. ಹೊರಗೆ ಸೂರ್ಯ ಮುಳುಗಿದ ಮೇಲೆ ಕೋಣೆಯೊಳಗೆ ಸೂರ್ಯೋದಯ!

1975ರಲ್ಲಿ ಲಡಾಖಿಗೆ ಬಂದ ಹೆಲೆನಾ ನಾರ್ಬರ್ಗ್-ಹಾಡ್ಜ್ ಅವರೂ ಅವರ ಸಂಗಾತಿಗಳೂ ಈ ಗೋಡೆಯನ್ನು ಅಲ್ಲಿಯ ಮಣ್ಣಿನ ಮನೆಗಳಿಗೆ ಹೊಂದಿಸಲು ಶ್ರಮಿಸಿದರು. ಗೋಡೆ ಹೇಗೂ ಮಣ್ಣಿನದೇ ಇತ್ತು; ಬೇಕಾದದ್ದು ಗಾಜು ಮತ್ತು ಕಪ್ಪು ಬಣ್ಣ ಮಾತ್ರ. ಮುಂದೆ ದಕ್ಷಿಣಕ್ಕೆ ಗಾಜು ಹೊದಿಸಿದ ‘ಶೆಲ್‌ಖಂಗ್’ ಎಂಬ ಕೋಣೆ ಅನೇಕ ಮನೆಗಳ ಅಂಗವಾಯಿತು.

ಲೇಹ್‌ಗೆ ಅನತಿದೂರದ ಫೇ ಗ್ರಾಮದ ಬಳಿ, ಸಿಂಧೂ ನದಿಯ ದಡದಲ್ಲಿ ಈ ವಿದ್ಯೆಯ ಪೂರ್ಣರೂಪವನ್ನು ಕಾಣಬಹುದು. ಸೋನಮ್ ವಾಂಗ್ಚುಕ್ ಮತ್ತು ಗೆಳೆಯರು 1988ರಲ್ಲಿ ಆರಂಭಿಸಿದ ‘ಸೆಕ್ಮೋಲ್’ ಸಂಸ್ಥೆಯ ವಿದ್ಯಾಲಯ ಅದು. ಪರೀಕ್ಷೆಯಲ್ಲಿ ನಪಾಸಾದ ಹುಡುಗ ಹುಡುಗಿಯರಿಗೆ ಆಶ್ರಯವಾದ ಆ ಕಟ್ಟಡಗಳನ್ನು ಮಣ್ಣನ್ನು ದಮ್ಮಸು ಮಾಡಿ ಎಬ್ಬಿಸಿದ್ದಾರೆ, ಮುಖವೆಲ್ಲ ದಕ್ಷಿಣಕ್ಕೆ. ಲೇಹ್‌ನಲ್ಲಿ ಡಿಸೆಂಬರ್ ಕಡೆಯ ನಡುಹಗಲಿನ ಸೂರ್ಯ ದಿಗಂತದಿಂದ 32 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅವನ ಓರೆಗಿರಣ ಕೋಣೆಯ ಒಳಗೋಡೆಯನ್ನು ಮುಟ್ಟುತ್ತದೆ. ಜೂನ್ ತಿಂಗಳಲ್ಲಿ ಅವನು 79 ಡಿಗ್ರಿ ಏರಿ ನೆತ್ತಿಗೆ ಬರುವುದರಿಂದ ಸೂರಿನಂಚು ಸಾಕು, ಮನೆ ತಂಪು. ಸೂರ್ಯನ ಗತಿಯೇ ಇಲ್ಲಿ ಬಾಗಿಲು ತೆರೆದು ಮುಚ್ಚುವ ಸೇವಕ. ಹೊರಗೆ ನೀರು ಹೆಪ್ಪುಗಟ್ಟಿರುವಾಗ ಒಳಗೆ ಮಕ್ಕಳು ಒಲೆಯ ಹಂಗಿಲ್ಲದೆ ಓದುತ್ತಾರೆ.

ಇತ್ತ ಲೇಹ್ ಪೇಟೆಯಲ್ಲಿ ಸಿಮೆಂಟಿನ ಮನೆಗಳು ಏಳುತ್ತಿವೆ. ನೋಟಕ್ಕೆ ಅವು ಅಂದ; ಆದರೆ ತೆಳುವಾದ ಸಿಮೆಂಟಿನ ಗೋಡೆ ಚಳಿಯನ್ನು ತಡೆಯಲಾರದು. ಆಗ ‘ಬುಖಾರಿ’ ಎಂಬ ಕಬ್ಬಿಣದ ಒಲೆಗೆ ಹಗಲಿರುಳೂ ತುತ್ತು ಹಾಕುತ್ತಿರಬೇಕು. ಬಿಸಿಲಿನ ಗೋಡೆ ಕೇಳುವುದು ಒಂದೇ ಸಾರಿಯ ವೆಚ್ಚ. ಬುಖಾರಿ ಕೇಳುವುದು ಪ್ರತಿದಿನದ ವೆಚ್ಚ. ಹಾಗೆಂದು ಗೋಡೆ ಮಾತ್ರ ಸಾಲದು. ಮಿಕ್ಕ ಮೂರು ಕಡೆ ಜೋಡಿಗೋಡೆ ಕಟ್ಟಿ ನಡುವೆ ಹುಲ್ಲನ್ನೋ ಮರದ ಹೊಟ್ಟನ್ನೋ ತುಂಬಬೇಕು. ಮಾಳಿಗೆಯ ಮಣ್ಣಿನಡಿಯಲ್ಲಿ ಹುಲ್ಲು ಹಾಸಬೇಕು. ಬಾಗಿಲ ಸಂದುಗಳನ್ನು ಮುಚ್ಚಬೇಕು. ನೆರೆಯವನ ಎತ್ತರದ ಕಟ್ಟಡ ಬಿಸಿಲಿಗೆ ಅಡ್ಡವಾದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ಅಂತಹ ಊರಿನಲ್ಲಿ ನೆರಳು ಬೀಳಿಸುವುದೆಂದರೆ ಉರುವಲನ್ನು ಕದ್ದಂತೆಯೇ.

ಸಂಜೆ ಬೆಟ್ಟದ ನೆರಳು ಹಳ್ಳಿಯ ಮೇಲೆ ಹರಿದಾಗ ಮುದುಕಿಯೊಬ್ಬಳು ಗಾಜಿನ ಕೋಣೆಯ ದಪ್ಪ ಪರದೆಯನ್ನು ಎಳೆಯುತ್ತಾಳೆ. ಅವಳ ಬೆನ್ನ ಹಿಂದಿನ ಗೋಡೆ ಇನ್ನೂ ಬೆಚ್ಚಗಿದೆ. ಮಾಳಿಗೆಯ ಬೆರಣಿಯ ಒಟ್ಟಿಲಿನಿಂದ ಆ ದಿನ ತೆಗೆದದ್ದು ಚಹಾ ಕಾಯಿಸಲು ಬೇಕಾದಷ್ಟು ಮಾತ್ರ. ಉಳಿದದ್ದು ಚೈತ್ರದಲ್ಲಿ ಅವಳ ಹೊಲದ ಜವೆಗೋಧಿಗೆ ಗೊಬ್ಬರವಾಗಲಿದೆ.