ಡೇಟ್ ಇದ್ರೂ ದುಬೈ ದೂರ!

ಸಿನಿಮಾದ ಹೀರೋ ವಿದೇಶಕ್ಕೆ ಹೋಗೋದು ಎಷ್ಟು ಸಲೀಸು ನೋಡಿ! ಇಲ್ಲಿ ಹೀರೋಯಿನ್ ಕೈ ಹಿಡಿದ, ಅಲ್ಲಿ ಹಾಡು ಶುರು. 1978ರಲ್ಲಿ ವಿಷ್ಣುವರ್ಧನ್–ದ್ವಾರಕೀಶ್ ಜೋಡಿಯ 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ' ತೆರೆಗೆ ಬಂತು. ಕನ್ನಡ ಚಿತ್ರವೊಂದು ಕಡಲು ದಾಟಿತಲ್ಲ ಎಂದು ಅಭಿಮಾನಿಗಳು ಶಿಳ್ಳೆ ಹೊಡೆದದ್ದೇ ಹೊಡೆದದ್ದು. ರಾಜಾನ ಪಾಸ್‌ಪೋರ್ಟಿನಲ್ಲಿ ಇನ್ನೆಷ್ಟು ತಿಂಗಳು ಬಾಕಿ ಇದೆ ಅಂತ ಬಾಲ್ಕನಿಯಿಂದ ಯಾರಾದರೂ ಕೂಗಿ ಕೇಳಿದರೆ? ಇಲ್ಲ ಸ್ವಾಮೀ! ಅದನ್ನು ಕೇಳುವವರು ಕೂತಿರೋದು ವಿಮಾನ ನಿಲ್ದಾಣದಲ್ಲಿ. ಅವರು ಕೇಳಿದರೆ ಏನಾಗುತ್ತೆ ಅನ್ನೋದನ್ನು ನಾನು ಕಂಡದ್ದು ಬೀದರ್ ಜಿಲ್ಲೆಯ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ.

ಹುಮನಾಬಾದ್ ಅಂದರೆ ಹಾದು ಹೋಗುವವರ ಊರು. ಪುಣೆಯಿಂದ ಸೊಲ್ಲಾಪುರದ ಮೇಲೆ ಹೈದರಾಬಾದಿಗೆ ಓಡುವ 65ನೇ ನಂಬರಿನ ಹೆದ್ದಾರಿ ಇಲ್ಲೇ ಹಾಯುತ್ತದೆ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಶುರುವಾಯಿತು. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ, ಪಕ್ಕದಲ್ಲೇ ಮಾಣಿಕಪ್ರಭುಗಳ ಮಾಣಿಕನಗರ. ಬೆಳಗಿನ ಹೊತ್ತು ಸುಸಲಾ, ಮಿರ್ಚಿ ಭಜಿ, ಮೇಲೊಂದು ಕಡಕ್ ಚಹಾ... ಬೆಂಗಳೂರಿನ ಹೋಟೆಲುಗಳಿಗೆ ಈ ರುಚಿ ಬರೋದಿಲ್ಲ ಬಿಡಿ. ಇಲ್ಲಿನ ಹುಡುಗರಿಗೆ ವಿಮಾನ ಅಂದರೆ ಬೆಂಗಳೂರಲ್ಲ, ಹೈದರಾಬಾದಿನ ಶಂಶಾಬಾದ್. ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಗಲ್ಫಿನ ಬಾಗಿಲು.

ಆ ಹುಡುಗ ಆ ಬಾಗಿಲಿನಿಂದಲೇ ಹಿಂತಿರುಗಿದ್ದ. ಇಪ್ಪತ್ತೆಂಟು ವಯಸ್ಸಿರಬಹುದು. ನೂಲಿನ ಹಗ್ಗದಿಂದ ಬಿಗಿದ ರಟ್ಟಿನ ಡಬ್ಬಿಯ ಮೇಲೆ ಕೂತು ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದ. ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅವನ ಹೆಸರು, ಕೆಳಗೆ 'ದುಬೈ'.

"ಊರಿಗೆ ಬಂದ್ರೇನು?" ಎಂದೆ.

"ಬಂದಿಲ್ರಿ ಸರ. ಹೋಗ್ಲಾಕ್ ಹೋಗಿದ್ದೆ, ವಾಪಸ್ ಕಳಿಸ್ಯಾರ."

ಅಂಗಿ ಒಳಗಿನಿಂದ ಪಾಸ್‌ಪೋರ್ಟ್ ತೆಗೆದು ನನ್ನ ಕೈಗಿಟ್ಟ. "ನೀವೇ ನೋಡ್ರಿ. ಆಗಸ್ಟ್ ಹತ್ತರ ತನಕ ಡೇಟ್ ಅದ. ಇವತ್ತು ಫೆಬ್ರವರಿ ಇಪ್ಪತ್ಮೂರು. ನಾ ಏನ್ ಸತ್ತ ಪಾಸ್‌ಪೋರ್ಟ್ ತಗೊಂಡು ಹೋಗಿದ್ನೇನು?"

ಸತ್ತಿರಲಿಲ್ಲ. ಆದರೆ ದುಬೈ ಲೆಕ್ಕದಲ್ಲಿ ಬದುಕಿಯೂ ಇರಲಿಲ್ಲ! ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹೊಸದಾಗಿ ಕಾಲಿಡುವವನ ಪಾಸ್‌ಪೋರ್ಟಿನಲ್ಲಿ ಇಳಿಯುವ ದಿನದಿಂದ ಆರು ತಿಂಗಳು ಬಾಕಿ ಇರಲೇಬೇಕು. ಆಗಸ್ಟ್ 10ರಿಂದ ಹಿಂದಕ್ಕೆ ಎಣಿಸಿದರೆ ಫೆಬ್ರವರಿ 10. ಅಲ್ಲಿಗೆ ಅವನ ಪ್ರಯಾಣದ ಗಡುವು ಮುಗಿದಿತ್ತು. ಕೆಲಸದ ವೀಸಾ ಕಾಗದ ಬಂದದ್ದು ಜನವರಿ 25ಕ್ಕೆ. ಆಗ ಆರು ತಿಂಗಳ ಮೇಲೆ ಹದಿನಾರು ದಿನ ಇತ್ತು, ಯಾರೂ ತಕರಾರು ತೆಗೆಯಲಿಲ್ಲ. ಅರವತ್ತು ದಿನದೊಳಗೆ ಬಾ ಅಂತ ವೀಸಾದಲ್ಲೇ ಬರೆದಿತ್ತು. ಅರವತ್ತು ದಿನ ಐತಲ್ಲ ಅಂತ ಮನೆಯವರು ತಮ್ಮನ ಮದುವೆ ಮುಗಿಸಿಯೇ ಟಿಕೆಟ್ ತೆಗೆಸಿದರು. ವೀಸಾಕ್ಕೆ ಜೀವ ಇತ್ತು, ಪಾಸ್‌ಪೋರ್ಟಿಗೂ ಡೇಟ್ ಇತ್ತು. ಎರಡರ ನಡುವೆ ಹುಡುಗ ಬಿದ್ದ.

ತಡೆದವನು ಪೊಲೀಸನಲ್ಲ, ಇಮಿಗ್ರೇಷನ್ ಸಾಹೇಬನೂ ಅಲ್ಲ. ಲಗೇಜ್ ತೂಗುವ ಕೌಂಟರಿನ ಹುಡುಗ! ಅದರ ಗುಟ್ಟು ಇಷ್ಟೆ. ಅಲ್ಲಿ ಇಳಿದವನನ್ನು ಆ ದೇಶ ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದು. ದಂಡವೂ ಬೀಳಬಹುದು. ಅದಕ್ಕೇ ಅವರು ಕಂಪ್ಯೂಟರಿನಲ್ಲಿ ಆಯಾ ದೇಶದ ನಿಯಮ ನೋಡಿ, ಒಪ್ಪದಿದ್ದರೆ ಇಲ್ಲೇ ನಿಲ್ಲಿಸುತ್ತಾರೆ. ಆ ದೇಶದ ಚಿಂತೆ ಬೇರೆ. ಬಂದವನು ಕಾಯಿಲೆ ಬಿದ್ದ, ಕೆಲಸ ಬಿಟ್ಟ, ಅಷ್ಟರಲ್ಲಿ ಪಾಸ್‌ಪೋರ್ಟ್ ಮುಗಿಯಿತು ಅನ್ನಿ. ಅವನನ್ನು ಕಳಿಸೋದು ಹೇಗೆ?

ಎಲ್ಲ ದೇಶವೂ ಹೀಗೇ ಅಂತ ತಿಳಿಯಬೇಡಿ. ರಾಜಾ ಕುಳ್ಳರ ಸಿಂಗಾಪುರ ಆರು ತಿಂಗಳೇ ಕೇಳುತ್ತದೆ. ಯೂರೋಪಿನ ಷೆಂಗೆನ್ ದೇಶಗಳಿಗೆ, ಅಲ್ಲಿಂದ ಹೊರಡುವ ದಿನದ ಮೇಲೆ ಮೂರು ತಿಂಗಳು ಸಾಕು, ಆದರೆ ಪಾಸ್‌ಪೋರ್ಟ್ ಹತ್ತು ವರ್ಷದೊಳಗಿನದಾಗಿರಬೇಕು. 'ಅಮೆರಿಕಾ ಅಮೆರಿಕಾ' ನೋಡಿ ಕನಸು ಕಟ್ಟಿದವರಿಗೆ ಕೊಂಚ ಸಮಾಧಾನ: ಆರು ತಿಂಗಳ ನಿಯಮದಿಂದ ಅಮೆರಿಕ ವಿನಾಯಿತಿ ಕೊಟ್ಟ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ನೇಪಾಳಕ್ಕಂತೂ ಮತದಾರರ ಚೀಟಿ ಸಾಕು.

ಬಸ್ ಬಂತು. ನಾನೂ ಅವನ ಜೊತೆ ಹತ್ತಿದೆ. ಸಸ್ತಾಪುರ ಬಂಗ್ಲಾ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಬಸವಕಲ್ಯಾಣ. ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕಲ್ಯಾಣ. ದೂರದಿಂದಲೇ 108 ಅಡಿಯ ಬಸವಣ್ಣನ ಮೂರ್ತಿ ಕಾಣುತ್ತದೆ. ಹನ್ನೊಂದನೇ ಶತಮಾನದಲ್ಲಿ ಕವಿ ಬಿಲ್ಹಣ ಕಾಶ್ಮೀರದಿಂದ ನಡೆದು ಅಲೆದು ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ಮೋಳಿಗೆ ಮಾರಯ್ಯ ಕಾಶ್ಮೀರದಿಂದ, ಮರುಳಶಂಕರದೇವ ಆಫ್ಘಾನಿಸ್ತಾನದ ಕಡೆಯಿಂದ ಬಂದರು ಅಂತ ಶರಣರ ಕಥೆ ಹೇಳುತ್ತದೆ. ಊರಿಗೆ ಬಂದವರನ್ನು ಏನು ಕೇಳುತ್ತಿದ್ದರೋ, ಡೇಟ್ ಅಂತೂ ಕೇಳಿರಲಿಕ್ಕಿಲ್ಲ! ನಾನು ಇದನ್ನು ಹೇಳಿದರೆ ಹುಡುಗ ನಗಲಿಲ್ಲ. ಮೊಬೈಲ್ ನೋಡುತ್ತಿದ್ದ.

ಅವನ ಮುಂದಿನ ಕೆಲಸ ಹಗುರದ್ದಲ್ಲ. ಡೇಟ್ ಮುಗಿಯುವ ಒಂದು ವರ್ಷ ಮೊದಲೇ ಮರುವಿತರಣೆಗೆ ಅರ್ಜಿ ಹಾಕಬಹುದು. 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಬೇಕಾದರೆ ಮೇಲೆ 2000. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯೋದು 2017ರ ಜನವರಿಯಲ್ಲಿ ಮೈಸೂರು, ಗುಜರಾತಿನ ದಾಹೋದ್‌ಗಳಿಂದ ಶುರುವಾದ ಮೇಲೆ ಹಿಂದಿನಷ್ಟು ಅಲೆದಾಟವೂ ಇಲ್ಲ. ಕಷ್ಟ ಇರೋದು ಬೇರೆ ಕಡೆ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್. ಅವನ ವೀಸಾ ಕಾಗದದಲ್ಲಿರೋದು ಹಳೇ ನಂಬರ್. ಕಂಪನಿಯವರು ಅಲ್ಲಿ ಮತ್ತೆ ಓಡಾಡಿ ಕಾಗದ ಮಾಡಿಸಬೇಕು. ಎಸ್ಸೆಸ್ಸೆಲ್ಸಿ ಆಗದವನಾದ್ದರಿಂದ ಎಮಿಗ್ರೇಷನ್ ಕ್ಲಿಯರೆನ್ಸೂ ಇನ್ನೊಮ್ಮೆ. ಒಬ್ಬ ವೆಲ್ಡರನಿಗಾಗಿ ಅಷ್ಟು ಮಾಡುತ್ತಾರಾ, ಅಥವಾ ಇನ್ನೊಬ್ಬನನ್ನು ಕರೆಸಿಕೊಳ್ಳುತ್ತಾರಾ?

ಅವರಪ್ಪನ ಗ್ಯಾರೇಜಿನವರೆಗೂ ಹೋದೆ. ಲಾರಿ ಕೆಳಗಿನಿಂದ ಎದ್ದು ಬಂದ ಮುದುಕ ಮಗನನ್ನು ನೋಡಿದ, ಡಬ್ಬಿ ನೋಡಿದ. ಬೈಯಲಿಲ್ಲ.

"ಕಂಪನಿಯವ್ರು ಏನಂದ್ರಪಾ?"

"ಫೋನ್ ಎತ್ತವಲ್ರು ಅಪ್ಪಾ."

"ಎತ್ತತಾರ. ಅಲ್ಲೀತನ ಆ ಟ್ರಾಲಿ ವೆಲ್ಡಿಂಗ್ ಉಳದದ, ಮುಗ್ಸು."

ಹುಡುಗ ಡಬ್ಬಿಯ ಹಗ್ಗ ಬಿಚ್ಚಿ ಶೇಂಗಾ ಹೋಳಿಗೆ ತೆಗೆದು ನನಗೆರಡು, ಗ್ಯಾರೇಜಿನ ಹುಡುಗರಿಗೆ ಎರಡೆರಡು ಕೊಟ್ಟ. ಕಡಕ್ ರೊಟ್ಟಿಯ ಗಂಟನ್ನು ಮಾತ್ರ ಬಿಚ್ಚದೆ ಹಾಗೇ ಇಟ್ಟ. ಅವು ಎರಡು ತಿಂಗಳಾದರೂ ಕೆಡೋದಿಲ್ಲವಂತೆ.