ಹೆಗ್ಗೋಡಿನಲ್ಲಿ ಒಂದು ರಾತ್ರಿ, ಒಂದು ಬೆಳಗು

ಸಾಗರದಿಂದ ಬಂದ ಬಸ್ಸು ನಿಮ್ಮನ್ನು ಇಳಿಸಿ ಮುಂದಕ್ಕೆ ಹೋಗುತ್ತದೆ. ಅಕ್ಟೋಬರ್ ಸಂಜೆ. ಮಳೆ ನಿಂತು ಗಂಟೆಯಾದರೂ ಅಡಿಕೆ ಸೋಗೆಯಿಂದ ಹನಿ ತೊಟ್ಟಿಕ್ಕುವುದು ನಿಂತಿಲ್ಲ. ರಸ್ತೆಯಂಚಿನ ಕೆಮ್ಮಣ್ಣು ಚಪ್ಪಲಿಗೆ ಅಂಟುತ್ತದೆ. ಚಹದಂಗಡಿಯಲ್ಲಿ ಇಬ್ಬರು ಈ ವರ್ಷದ ಕೊಳೆ ರೋಗದ ಬಗ್ಗೆ ಮಾತಾಡುತ್ತಿದ್ದಾರೆ. ನೀವು ಲೋಟ ಕೆಳಗಿಡುವಷ್ಟರಲ್ಲಿ ಮಾತು ನಿನ್ನೆಯ ನಾಟಕಕ್ಕೆ ಹೊರಳಿದೆ. "ಎರಡನೇ ಅಂಕ ಎಳೆದ್ರು ಮಾರಾಯ" ಅನ್ನುತ್ತಾರೆ ಒಬ್ಬರು, ಕೊಳೆಯ ಬಗ್ಗೆ ಮಾತಾಡಿದ ದನಿಯಲ್ಲೇ.

ನೀನಾಸಮ್ ರಂಗಸಂಸ್ಥೆಯ ಅಂಗಳಕ್ಕೆ ಕಾಲಿಟ್ಟರೆ ಮೊದಲು ಕೇಳುವುದು ಸುತ್ತಿಗೆಯ ಸದ್ದು. ಶಿವರಾಮ ಕಾರಂತ ರಂಗಮಂದಿರದ ಒಳಗೆ ನಟರು ಹತ್ತಿ ನಿಲ್ಲುವ ಕಟ್ಟಿಗೆಯ ಲೆವೆಲ್ಲೊಂದರ ಕಾಲು ಅಲುಗುತ್ತಿದೆ. ಮೇಕಪ್ ಅರ್ಧ ಆಗಿರುವ ಮಂತ್ರಿಯೊಬ್ಬ ಅಂಗಾತ ಮಲಗಿ ಅದಕ್ಕೆ ಮೊಳೆ ಹೊಡೆಯುತ್ತಿದ್ದಾನೆ. ಏಣಿ ಹತ್ತಿದವಳು ಲೈಟು ತಿರುಗಿಸಿ ಕೆಳಗೆ ಕೂಗುತ್ತಾಳೆ: "ಸಾಕಾ? ಮುಖಕ್ಕೆ ಬೀಳ್ತಿದೆಯಾ?" ಕೆಳಗಿರುವವನ ಉತ್ತರ ಅಪ್ಪಟ ಉತ್ತರ ಕರ್ನಾಟಕದ್ದು: "ಇನ್ನೂ ಸ್ವಲ್ಪ ಎಡಕ್ಕ ತಗೋರಿ." ಇವರೆಲ್ಲ ಇಲ್ಲಿಯ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು ತಿರುಗಾಟಕ್ಕೆ ಬಂದವರು. 1980ರಲ್ಲಿ ಶುರುವಾದ ಕೇಂದ್ರ ಅದು. ದನಿ ಪಳಗಿಸುವುದನ್ನೂ ಗರಗಸ ಹಿಡಿಯುವುದನ್ನೂ ಒಂದೇ ಪಾಠವೆಂದು ಕಲಿಸುವ ಶಾಲೆ ಎಂದರೂ ತಪ್ಪಿಲ್ಲ.

ತಿರುಗಾಟ ಅನ್ನುವ ಹೆಸರು ಯಕ್ಷಗಾನ ಮೇಳಗಳ ಬಾಯಿಂದ ಬಂದದ್ದು. ಮಳೆ ಮುಗಿದ ಮೇಲೆ ಮೇಳ ಊರೂರು ಹೊರಡುವಂತೆ, 1985ರಿಂದ ಈ ತಂಡವೂ ಹೊಸ ನಾಟಕಗಳನ್ನು ಗಾಡಿಗೆ ಹೇರಿಕೊಂಡು ಹೊರಡುತ್ತದೆ. ಸ್ವಂತ ರಂಗಮಂದಿರವೇ ಇಲ್ಲದ ಊರುಗಳಲ್ಲಿ, ಶಾಲೆಯ ಮೈದಾನದಲ್ಲಿ, ಕಲ್ಯಾಣ ಮಂಟಪದಲ್ಲಿ ಆಟ. ಬೆಂಗಳೂರಿನಲ್ಲಿ ಗೆದ್ದ ನಾಟಕ ಹಳ್ಳಿಗೆ ಇಳಿದು ಬರುವುದು ವಾಡಿಕೆ. ಇಲ್ಲಿ ಹೊಳೆ ಹಿಂದಕ್ಕೆ ಹರಿಯುತ್ತದೆ.

ಮೊದಲ ಗಂಟೆ. ಜನ ಬರತೊಡಗುತ್ತಾರೆ. ಸಂಸ್ಕೃತಿ ಶಿಬಿರಕ್ಕೆಂದು ದೂರದಿಂದ ಬಂದ ಮೇಷ್ಟ್ರುಗಳು, ಕಾಲೇಜು ಹುಡುಗಿಯರು, ಹೆಗಲಿಗೆ ಜೋಳಿಗೆ. ಅವರ ನಡುವೆ ಊರವರು, ಕೈಯಲ್ಲಿ ಟಾರ್ಚು, ಮಡಚಿದ ಕೊಡೆ. ನಿಮ್ಮ ಪಕ್ಕ ಕೂತ ಅಜ್ಜಿ ಕವಳದ ಸಂಚಿ ಬಿಚ್ಚುತ್ತಾರೆ. ಇವರನ್ನು ಮುಗ್ಧ ಪ್ರೇಕ್ಷಕರು ಅಂದುಕೊಂಡರೆ ಕೆಟ್ಟಿರಿ. 1973ರಲ್ಲೇ ಚಿತ್ರಸಮಾಜ ಕಟ್ಟಿಕೊಂಡು ಕುರೊಸಾವಾ, ಸತ್ಯಜಿತ್ ರಾಯ್ ನೋಡಿದ ಊರು ಇದು. ಮುಂದೆ ನೀನಾಸಮ್ ಅನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ 17ರ ಹುಡುಗನಾಗಿದ್ದಾಗ, 1949ರಲ್ಲಿ, ಊರವರು ಸೇರಿ ಶುರುಮಾಡಿದ ಹವ್ಯಾಸಿ ತಂಡ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಉದ್ದದ ಹೆಸರು ಬಾಯಲ್ಲಿ ಸವೆದು ನೀನಾಸಮ್ ಆಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರಿನವರು ಆಮೇಲೂ ನಾಟಕ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಹೇಳಿದರು.

ಮೂರನೆಯ ಗಂಟೆ. ಕತ್ತಲು. ಹಂಚಿನ ಮೇಲೆ ಮತ್ತೆ ಮಳೆ ಬಿದ್ದಂತಾಗುತ್ತದೆ, ಅಲ್ಲ, ಮೃದಂಗ. ಬೆಳಕು ನಿಧಾನಕ್ಕೆ ಏರುವಾಗ ಏಣಿಯ ಮೇಲಿದ್ದವಳು ರಾಣಿಯಾಗಿ ನಿಂತಿದ್ದಾಳೆ. ಒಂದು ಘಟ್ಟದಲ್ಲಿ ಅವಳು ಮಾತೇ ಆಡುವುದಿಲ್ಲ. ಎಷ್ಟು ಹೊತ್ತೋ. ಅಜ್ಜಿಯ ಬಾಯಿ ಅಗಿಯುವುದು ನಿಲ್ಲುತ್ತದೆ. ನಿಮಗೆ ನಿಮ್ಮ ಉಸಿರು ಕೇಳುತ್ತದೆ.

ಬೆಳಿಗ್ಗೆ ಅದೇ ಮೌನದ ವಿಚಾರಣೆ. ನಿರ್ದೇಶಕರು ಎದುರಿಗೆ ಕೂತಿದ್ದಾರೆ, ಶಿಬಿರದವರು ಸುತ್ತ. ಒಬ್ಬ ಪ್ರಾಧ್ಯಾಪಕರು ಅಧಿಕಾರ, ಹೆಣ್ಣು, ಚರಿತ್ರೆ ಅಂತ ಹತ್ತು ನಿಮಿಷ ಮಾತಾಡುತ್ತಾರೆ. ಹೊರಗೆ ಹಕ್ಕಿಗಳೂ ಮಾತಾಡುತ್ತಿವೆ. ಆಮೇಲೆ ಹಿಂದಿನ ಸಾಲಿನಿಂದ ತೋಟದ ಯಜಮಾನರೊಬ್ಬರು ಏಳುತ್ತಾರೆ.

"ರಾಣಿ ಅಷ್ಟು ಹೊತ್ತು ಸುಮ್ಮನೆ ನಿಂತಳಲ್ಲ. ನೀವು ಹೇಳಿ ನಿಲ್ಲಿಸಿದ್ದೋ, ಹುಡುಗಿಗೆ ಮಾತು ಮರೆತುಹೋಗಿದ್ದೋ?"

ನಗು ಉಕ್ಕುತ್ತದೆ. ನಿರ್ದೇಶಕರು ತಲೆ ತುರಿಸಿಕೊಳ್ಳುತ್ತಾರೆ.

"ತಾಲೀಮಿನಲ್ಲಿ ಒಂದು ದಿನ ಮರೆತಿದ್ದು ರಾಯರೆ. ಚೆನ್ನಾಗಿ ಕಂಡಿತು, ಹಾಗೇ ಇಟ್ಟುಕೊಂಡ್ವಿ."

"ಹಂಗಾದ್ರೆ ಸರಿ," ಅಂದು ಅವರು ಕೂರುತ್ತಾರೆ. ಪ್ರಾಧ್ಯಾಪಕರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಏನನ್ನೋ ಹೊಡೆದುಹಾಕುತ್ತಾರೆ. ಹೊಸ ನಾಟಕ ಹದಕ್ಕೆ ಬರುವುದು ಇಂಥ ಮುಂಜಾನೆಗಳಲ್ಲೇ ಅಂತ ನನಗೆ ಬಲವಾದ ಗುಮಾನಿ. ವಿಮರ್ಶೆ ಅಚ್ಚಾಗುವುದು ತಡ, ಅಷ್ಟರಲ್ಲಿ ನಟರು ಇನ್ನೊಂದು ಊರಿನಲ್ಲಿರುತ್ತಾರೆ.

ನೀವು ಬಸ್ಸಿಗೆ ಹೊರಟಾಗ ಅಂಗಳದಲ್ಲಿ ಗಾಡಿ ತುಂಬುತ್ತಿದೆ. ವಸ್ತ್ರದ ಟ್ರಂಕು, ಲೈಟಿನ ಪೆಟ್ಟಿಗೆ, ಸುರುಳಿ ಸುತ್ತಿದ ಕೇಬಲ್ಲು, ಬಿದಿರು. ಒಬ್ಬ ಪಟ್ಟಿ ಹಿಡಿದು ಎಣಿಸುತ್ತಿದ್ದಾನೆ: ಕತ್ತಿ ನಾಲ್ಕು, ಕಿರೀಟ ಎರಡು, ಕೊಡ ಒಂದು. ಕೊಡ ಸಿಗುತ್ತಿಲ್ಲ, ಅಡುಗೆಮನೆಯವರು ನೀರು ತುಂಬಿಸಿಟ್ಟಿದ್ದಾರಂತೆ. ನಿನ್ನೆಯ ರಾಣಿ ಲೆವೆಲ್ಲಿನ ಒಂದು ತುದಿ ಎತ್ತಿಕೊಂಡು ಇನ್ನೊಂದು ತುದಿಗೆ ಯಾರೂ ಇಲ್ಲದೆ ನಿಂತಿದ್ದಾಳೆ. ನಿಮ್ಮ ಕಡೆ ನೋಡುತ್ತಾಳೆ.

"ಅಣ್ಣಾ, ಸ್ವಲ್ಪ ಹಿಡೀತೀರಾ?"

ನೀವು ಚೀಲ ಕೆಳಗಿಡುತ್ತೀರಿ. ಅಲುಗುತ್ತಿದ್ದ ಕಾಲು ಇದೇ; ಮೊಳೆ ಇನ್ನೂ ಗಟ್ಟಿಯಾಗಿ ಕೂತಿಲ್ಲ.