ಚಿಕ್ಕಮ್ಮ ಓದಿದ ಕರಪತ್ರ

ಸಮಾಜಕಾರ್ಯ ಓದುತ್ತಿದ್ದಾಗ ಕಾಲೇಜಿನವರು ನನ್ನನ್ನು ಇಂಟರ್ನ್‌ಷಿಪ್ಪಿಗೆಂದು ಗಾರ್ಮೆಂಟ್ಸ್ ಕಾರ್ಮಿಕರ ಯೂನಿಯನ್ನೊಂದರ ಪ್ರಚಾರ ವಿಭಾಗಕ್ಕೆ ಹಾಕಿದರು. ಊರಿನಲ್ಲಿದ್ದ ಅಮ್ಮ ಫೋನಿನಲ್ಲೇ ಹೌಹಾರಿದಳು. "ಯೂನಿಯನ್ನಾ? ಬಾವುಟ ಹಿಡಿದು ಕೂಗೋದಾ?" ನಾನು ಇಳಿದುಕೊಂಡಿದ್ದ ಮಡಿವಾಳದ ಚಿಕ್ಕಮ್ಮನ ಮನೆಯಲ್ಲೂ ಅದೇ ಪ್ರಶ್ನೆ. ಹೋಗಿ ನೋಡಿದರೆ ಕೂಗಾಟವೇನೂ ಇಲ್ಲ. ಎರಡು ಕೋಣೆ, ಒಂದು ಹಳೆಯ ಕಂಪ್ಯೂಟರು, ಮೂಲೆಯಲ್ಲಿ ಕರಪತ್ರದ ಕಟ್ಟುಗಳು. ಪ್ರಚಾರ ವಿಭಾಗವೆಂದರೆ ಒಬ್ಬರೇ ಒಬ್ಬರು ಅಕ್ಕ. ಹಿಂದೆ ಅವರೂ ಹೊಲಿಗೆ ಮಷಿನ್ನಿನ ಮುಂದೆ ಕೂತವರೇ.

ಅದು 2016ರ ಏಪ್ರಿಲ್. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಇದ್ದರೆ ಪಿಎಫ್ ಹಣವನ್ನು ಪೂರ್ತಿ ತೆಗೆಯಬಹುದಿತ್ತು. ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ ಕೈಗೆ ಸಿಗುವುದು ತಾನು ಕಟ್ಟಿದ ಪಾಲು ಮತ್ತು ಅದರ ಬಡ್ಡಿ ಮಾತ್ರ. ಮಾಲೀಕರು ಕಟ್ಟಿದ ಪಾಲಿಗೆ 58 ವರ್ಷ ತುಂಬುವವರೆಗೆ ಕಾಯಬೇಕು. ಇದರ ಬಗ್ಗೆ ಕರಪತ್ರ ಬರೆಯುವ ಕೆಲಸ ನನಗೆ ಬಂತು.

ನಾನೂ ಜಂಬದಿಂದಲೇ ಬರೆದೆ. "ಭವಿಷ್ಯ ನಿಧಿಯ ನೂತನ ನಿಯಮಾವಳಿಯನ್ವಯ ಉದ್ಯೋಗದಾತರ ವಂತಿಗೆಯನ್ನು..." ಎಂದು ಶುರು. ಅಕ್ಕ ಓದಿ, ಏನೂ ಹೇಳದೆ, ಸಂಜೆ ಬೊಮ್ಮನಹಳ್ಳಿಯ ಕಾರ್ಖಾನೆಯೊಂದರ ಗೇಟಿಗೆ ಕರೆದುಕೊಂಡು ಹೋದರು. ಪಾಳಿ ಮುಗಿದಾಗ ಹೆಂಗಸರು ನದಿಯಂತೆ ಹೊರಬಂದರು. ಬಸ್ಸು, ತರಕಾರಿ, ಮನೆಯಲ್ಲಿ ಮಕ್ಕಳು, ಯಾರಿಗೂ ನಿಲ್ಲಲು ಪುರುಸೊತ್ತಿಲ್ಲ. ಪರಿಚಯದ ಟೈಲರೊಬ್ಬರನ್ನು ಅಕ್ಕ ನಿಲ್ಲಿಸಿ ನನ್ನ ಹಾಳೆ ಕೊಟ್ಟರು. ಆಕೆ ಎರಡು ಸಾಲು ಓದಿ ತಲೆಯೆತ್ತಿದರು.

"ಇದ್ರಲ್ಲಿ ನಮ್ಮ ದುಡ್ಡಿನ ವಿಷಯ ಎಲ್ಲಿದೆ ಮೇಡಂ?"

ನನಗೆ ನಾಚಿಕೆಯಾಯಿತು.

"ಪಿಎಫ್ ಅಂತ ಬರೀರಿ, ಸಾಕು. ನಲವತ್ತಕ್ಕೇ ಕಣ್ಣು ಮಂಜಾಗ್ತದೆ, ಸೊಂಟ ಬೀಳ್ತದೆ. ಐವತ್ತೆಂಟರ ತನಕ ಯಾರು ಇಟ್ಕೊಂತಾರೆ ನಮ್ಮನ್ನ? ಮಗಳ ಮದುವೆಗೆ ಅಂತ ಇರೋದು ಅದೊಂದೇ."

ರಾತ್ರಿ ಕೂತು ಬೇರೆಯದೇ ಬರೆದೆ. ಮೊದಲ ಸಾಲು, "ನಮ್ಮ ಪಿಎಫ್ ನಮಗೆ ಯಾವಾಗ ಸಿಗುತ್ತದೆ?" ಶನಿವಾರ ಪ್ರೂಫ್ ನೋಡಿ, ಒಂದು ಪ್ರತಿ ಚೀಲಕ್ಕೆ ಹಾಕಿಕೊಂಡು ಬಂದೆ. ಅಚ್ಚಾಗಿ ಬರುವುದು ಬುಧವಾರ.

ಹೆಂಗಸರು ಬುಧವಾರದವರೆಗೆ ಕಾಯಲಿಲ್ಲ. ಏಪ್ರಿಲ್ 18, ಸೋಮವಾರ, ಮಷಿನ್ ಬಿಟ್ಟು ಸಾವಿರಾರು ಮಂದಿ ಹೊಸೂರು ರಸ್ತೆಗೆ ಇಳಿದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಸಿಲ್ಕ್ ಬೋರ್ಡ್ ಕಡೆಯಿಂದ ನಡೆದುಕೊಂಡೇ ಹೋದೆ. ಉರಿಬಿಸಿಲಿನಲ್ಲಿ ಟಾರು ರಸ್ತೆಯ ಮೇಲೆ, ಊಟದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಮ್ಮ ಅಕ್ಕನ ಕಣ್ಣಲ್ಲಿ ನೀರು. "ಹತ್ತು ಜನ ಸೇರಿಸೋಕೆ ಎಷ್ಟು ಒದ್ದಾಡಿದ್ದೀನಿ" ಎಂದರು.

ರಾತ್ರಿ ಮನೆಗೆ ಬಂದರೆ ಚಿಕ್ಕಮ್ಮನಿಗೆ ಸಿಟ್ಟು. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಚಿಕ್ಕಪ್ಪ ಮೂರು ಗಂಟೆ ತಡವಾಗಿ ಬಂದಿದ್ದರು. "ರಸ್ತೇಲಿ ಕೂತ್ರೆ ಜನ ಮನೆ ಸೇರೋದು ಹೇಗೆ?" ನನಗೆ ವಾದಿಸಲು ತ್ರಾಣವಿರಲಿಲ್ಲ. ಚೀಲದಿಂದ ಪ್ರೂಫ್ ತೆಗೆದು ಕೈಗಿಟ್ಟೆ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಓದಿದಳು. ಸ್ವಲ್ಪ ಹೊತ್ತು ಮಾತಿಲ್ಲ.

"ನಾನು ಸ್ಕೂಲಿನ ಕೆಲಸ ಬಿಟ್ಟಾಗ ಬಂತಲ್ಲ, ಅದೇ ದುಡ್ಡು ಕಣೇ ಇದು. ಅದರಲ್ಲೇ ನಿನ್ನ ತಮ್ಮನ ಕಾಲೇಜು ಫೀಸು ಕಟ್ಟಿದ್ದು. ಯಾರ ಹತ್ರಾನೂ ಕೈ ಚಾಚಲಿಲ್ಲ."

ಮಂಗಳವಾರ ಗಲಾಟೆ ನಗರದ ಬೇರೆ ಕಡೆಗಳಿಗೂ ಹಬ್ಬಿತು. ಕಲ್ಲು, ಲಾಠಿ, ಬಸ್ಸುಗಳಿಗೆ ಬೆಂಕಿ. ಅದೇ ದಿನ ಕೇಂದ್ರ ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು. ನಾನು ಚಪ್ಪಲಿ ಬಿಡುವ ಮೊದಲೇ ಚಿಕ್ಕಮ್ಮ ಕೇಳಿದಳು, "ಆ ಹೆಂಗಸರ ದುಡ್ಡು ಏನಾಯ್ತೇ?"

ಬುಧವಾರ ಪ್ರೆಸ್ಸಿನಿಂದ ಕರಪತ್ರದ ಕಟ್ಟು ಬಂತು. ಹಂಚುವ ಅಗತ್ಯವೇ ಉಳಿದಿರಲಿಲ್ಲ. ಅಕ್ಕ ನಕ್ಕು, "ಹಿಂದುಗಡೆ ಖಾಲಿ ಇದೆ, ಲೆಕ್ಕ ಬರೆಯೋಕಾಯ್ತು" ಎಂದು ಮೂಲೆಗಿಟ್ಟರು. ನಾನು ಅಷ್ಟು ಕಷ್ಟಪಟ್ಟು ಬರೆದ ಕರಪತ್ರವನ್ನು ಕಾರ್ಖಾನೆಯ ಗೇಟಿನಲ್ಲಿ ಒಬ್ಬರೂ ಓದಲಿಲ್ಲ. ಓದಿದವಳು ನಮ್ಮ ಚಿಕ್ಕಮ್ಮ ಒಬ್ಬಳೇ.